ಕೊಲ್ಲಾಪುರದ ಗಾಳಿ, ಟ್ರಾಂಬೆಯ ಅಳತೆ

ಕ್ಯಾನ್ಸರ್ ಗಡ್ಡೆಗೆ ವಿಕಿರಣ ಹಾಯಿಸುವ ಲೀನಿಯರ್ ಆಕ್ಸಿಲರೇಟರ್ ಯಂತ್ರದ ಬೆಲೆ ಕೋಟಿಗಟ್ಟಲೆ. ಅದು ನಿಜಕ್ಕೂ ಎಷ್ಟು ವಿಕಿರಣ ಕೊಡುತ್ತಿದೆ ಎಂದು ತೀರ್ಪು ಹೇಳುವ ಸಾಧನ ಮಾತ್ರ ಕಿರುಬೆರಳಿಗಿಂತ ಸಣ್ಣದು. ಅಯಾನು ಕೋಶ ಎಂಬ ಈ ಸಾಧನದ ತುದಿಯಲ್ಲಿ 0.6 ಘನ ಸೆಂಟಿಮೀಟರ್ ಗಾಳಿ ನಿಲ್ಲುವಷ್ಟು ಟೊಳ್ಳು ಜಾಗ, ಅದರ ನಡುವೆ ತೆಳ್ಳನೆಯ ಕಡ್ಡಿ, ಹಿಂದೆ ಒಂದು ಕೇಬಲ್. 1955ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಫಾರ್ಮರ್ ರೂಪಿಸಿದ ಈ ವಿನ್ಯಾಸವೇ ಇವತ್ತಿಗೂ ಜಗತ್ತಿನ ಬಹುಪಾಲು ಆಸ್ಪತ್ರೆಗಳಲ್ಲಿ ಅಳತೆಯ ಆಧಾರ. ಭಾರತದಲ್ಲಿ ಇಂಥ ಕೋಶಗಳ ಅಳತೆಗೆ ಮೂಲಸ್ಥಾನ ಮುಂಬೈನ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರ. ಮಾಪನ ಮುಗಿಸಿಕೊಂಡು ಬರುವ ಕೋಶದ ಜೊತೆಗೆ ಒಂದು ಪ್ರಮಾಣಪತ್ರ, ಅದರಲ್ಲಿ ಒಂದು ಸಂಖ್ಯೆ. ಆ ಸಂಖ್ಯೆ ಹೊಂದುವುದು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, 101.325 ಕಿಲೋಪಾಸ್ಕಲ್ ಒತ್ತಡದ ಗಾಳಿಗೆ, ಅಂದರೆ ಸಮುದ್ರಮಟ್ಟದ ತಂಪು ಗಾಳಿಗೆ. ಕೊಲ್ಲಾಪುರದಲ್ಲಿ ಅಂಥ ಒತ್ತಡ ವರ್ಷದ ಯಾವ ದಿನವೂ ಇರುವುದಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುಒತ್ತಡ 95 ಕಿಲೋಪಾಸ್ಕಲ್‌ನ ಆಸುಪಾಸು. ಕೋಶದೊಳಗೆ ಟ್ರಾಂಬೆಯಲ್ಲಿ ಇದ್ದಷ್ಟು ಗಾಳಿ ಇಲ್ಲಿಲ್ಲ, ಶೇ 6ರಿಂದ 7ರಷ್ಟು ಕಡಿಮೆ. ಲೆಕ್ಕದಲ್ಲಿ ಇದನ್ನು ಸರಿಪಡಿಸಿಕೊಳ್ಳದಿದ್ದರೆ ಆಸ್ಪತ್ರೆಯ ಪ್ರತಿಯೊಬ್ಬ ರೋಗಿಗೂ ತಪ್ಪು ಪ್ರಮಾಣ ಹೋಗುತ್ತದೆ. ವಿಕಿರಣ ಚಿಕಿತ್ಸೆಯ ಭರವಸೆ ಇಂಥ ಸಣ್ಣ ಲೆಕ್ಕಗಳ ಮೇಲೆ ನಿಂತಿದೆ. ಆ ಲೆಕ್ಕವನ್ನು ಹೊರಗಿನವರೊಬ್ಬರು ತಾಳೆ ನೋಡಿರಬೇಕು, ನೋಡಿದ್ದರ ಫಲ ರೋಗಿಗೆ ಕಾಣುವಂತಿರಬೇಕು ಎಂಬುದು ಈ ಲೇಖನದ ವಾದ.

ಮೊದಲು ಅಳೆಯುವುದು ಏನನ್ನು ಎಂಬುದು ಸ್ಪಷ್ಟವಾಗಬೇಕು. ದೇಹದ ಒಂದು ಕಿಲೋಗ್ರಾಂ ಭಾಗ ವಿಕಿರಣದಿಂದ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. 1975ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಈ ಏಕಮಾನಕ್ಕೆ ಲೂಯಿ ಹೆರಾಲ್ಡ್ ಗ್ರೇ ಎಂಬ ಭೌತವಿಜ್ಞಾನಿಯ ಹೆಸರು. ಒಂದು ಜೂಲ್ ಎಂದರೆ ಅತ್ಯಲ್ಪ ಶಕ್ತಿ. ಇಡೀ ಮೈಗೆ ಒಮ್ಮೆಲೇ 4 ಗ್ರೇ ತಗುಲಿ, ಚಿಕಿತ್ಸೆ ಸಿಗದೆ ಹೋದರೆ ಸುಮಾರು ಅರ್ಧದಷ್ಟು ಜನ ಸಾಯುತ್ತಾರೆ. ಆದರೆ ಅಷ್ಟು ವಿಕಿರಣ 70 ಕಿಲೋ ತೂಕದ ದೇಹಕ್ಕೆ ತರುವ ಶಕ್ತಿ ಬಿಸಿ ಚಹದ ಒಂದು ಗುಟುಕಿನಲ್ಲಿ ಇರುವಷ್ಟೇ. ಅಪಾಯ ಇರುವುದು ಶಕ್ತಿಯ ಮೊತ್ತದಲ್ಲಲ್ಲ. ಅದು ಜೀವಕೋಶದೊಳಗಿನ ಡಿಎನ್ಎ ಎಳೆಗಳನ್ನು ಕತ್ತರಿಸುವ ಬಗೆಯಲ್ಲಿ. ಹಾಗಾಗಿ ರೋಗಿಗೆ ಯಂತ್ರದ ಕೆಳಗೆ ಬಿಸಿಯಾಗುವುದಿಲ್ಲ, ನೋಯುವುದಿಲ್ಲ, ಬೆಳಕೂ ಕಾಣುವುದಿಲ್ಲ. ಒಂದು ಗ್ರೇ ವಿಕಿರಣ ನೀರನ್ನು ಬಿಸಿ ಮಾಡುವುದು ಒಂದು ಡಿಗ್ರಿಯ ನಾಲ್ಕು ಸಾವಿರದಲ್ಲಿ ಒಂದು ಪಾಲಿನಷ್ಟು. ಅಷ್ಟು ಸಣ್ಣ ಬಿಸಿಯನ್ನು ಅಳೆಯುವ ಕ್ಯಾಲೊರಿಮೀಟರ್‌ಗಳು ರಾಷ್ಟ್ರಮಟ್ಟದ ಪ್ರಯೋಗಾಲಯಗಳಲ್ಲಿವೆ, ಆಸ್ಪತ್ರೆಯಲ್ಲಿ ದಿನನಿತ್ಯದ ಕೆಲಸಕ್ಕೆ ಅವು ಒದಗುವುದಿಲ್ಲ. ಎಕ್ಸ್‌ರೇ ಚಿಕಿತ್ಸೆಯ ಆರಂಭದ ದಶಕಗಳಲ್ಲಿ ವೈದ್ಯರು ರೋಗಿಯ ಚರ್ಮ ಕೆಂಪಾಗುವುದನ್ನೇ ಅಳತೆ ಎಂದುಕೊಂಡಿದ್ದರು. ಒಬ್ಬರ ಚರ್ಮ ಇನ್ನೊಬ್ಬರದರಂತಲ್ಲ, ಕೆಂಪೇರುವುದಕ್ಕೆ ದಿನಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಕೊಡಬಾರದ್ದನ್ನು ಕೊಟ್ಟಾಗಿರುತ್ತದೆ. ರೋಗಿಯ ಮೈಯನ್ನೇ ಮಾಪಕ ಮಾಡಿಕೊಂಡಿದ್ದ ಆ ಕಾಲದಿಂದ ನಮ್ಮನ್ನು ದಾಟಿಸಿದ್ದು ಗಾಳಿ ತುಂಬಿದ ಆ ಪುಟ್ಟ ಕೋಶ.

ಅದರ ಕೆಲಸ ಹೀಗೆ. ಫೋಟಾನು ಕಿರಣ ನೀರಿನೊಳಗೆ ಹೊಕ್ಕಾಗ ಎಲೆಕ್ಟ್ರಾನುಗಳನ್ನು ಹೊಡೆದೆಬ್ಬಿಸುತ್ತದೆ. ಆ ಎಲೆಕ್ಟ್ರಾನುಗಳು ಕೋಶದ ಗಾಳಿಯನ್ನು ಹಾಯುವಾಗ ಗಾಳಿಯ ಅಣುಗಳು ಒಡೆದು ವಿದ್ಯುದಂಶ ಹುಟ್ಟುತ್ತದೆ. ಗಾಳಿಯಲ್ಲಿ ಒಂದು ಕೂಲಂಬ್ ವಿದ್ಯುದಂಶ ಹುಟ್ಟಲು 33.97 ಜೂಲ್ ಬೇಕು ಎಂಬುದು ಬಹು ಎಚ್ಚರದಿಂದ ಅಳೆದ ಸ್ಥಿರಾಂಕ. ಗಾಳಿಯಲ್ಲಿ ಕಂಡದ್ದರಿಂದ ನೀರಿನಲ್ಲಿ ಎಷ್ಟು ಶಕ್ತಿ ಇಳಿದಿರಬೇಕು ಎಂದು ತರ್ಕಿಸುವ ದಾರಿಯನ್ನು ಬ್ರ್ಯಾಗ್ ಮತ್ತು ಗ್ರೇ ತೋರಿಸಿಕೊಟ್ಟರು. ನೀರೇ ಯಾಕೆಂದರೆ ನಮ್ಮ ಮಾಂಸಖಂಡ ವಿಕಿರಣವನ್ನು ಹೀರುವ ರೀತಿ ನೀರಿನದಕ್ಕೆ ತೀರಾ ಹತ್ತಿರ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2000ದಲ್ಲಿ ಪ್ರಕಟಿಸಿದ ಟಿಆರ್‌ಎಸ್-398 ಎಂಬ ವಿಧಾನಸಂಹಿತೆ, ಅದರ 2024ರ ಪರಿಷ್ಕೃತ ರೂಪ, ಈ ಕೆಲಸದ ಹೆಜ್ಜೆ ಹೆಜ್ಜೆಯನ್ನೂ ಬರೆದಿಟ್ಟಿವೆ: ನೀರಿನ ತೊಟ್ಟಿ, 10 ಸೆಂಟಿಮೀಟರ್ ಆಳದಲ್ಲಿ ಕೋಶ, ಉದ್ದಗಲ ಹತ್ತು ಹತ್ತು ಸೆಂಟಿಮೀಟರಿನ ಕಿರಣಪುಂಜ. ಒಂದು ಗ್ರೇ ಕೊಟ್ಟರೆ ಕೋಶದಿಂದ ಬರುವುದು 20 ನ್ಯಾನೊಕೂಲಂಬ್‌ಗೆ ಹತ್ತಿರದ ವಿದ್ಯುದಂಶ. ಅದನ್ನು ಹಾಗೆಯೇ ನಂಬುವಂತಿಲ್ಲ. ಹುಟ್ಟಿದ ಅಯಾನುಗಳಲ್ಲಿ ಕೆಲವು ನಡುವಿನ ಕಡ್ಡಿಗೆ ಸೇರುವ ಮೊದಲೇ ಮತ್ತೆ ಕೂಡಿಕೊಂಡು ಲೆಕ್ಕ ತಪ್ಪಿಸುತ್ತವೆ. ಕೋಶಕ್ಕೆ ಎರಡು ಬೇರೆ ವೋಲ್ಟೇಜ್ ಕೊಟ್ಟು ಅಳೆದು ಆ ನಷ್ಟವನ್ನು ಅಂದಾಜಿಸಬೇಕು. ವೋಲ್ಟೇಜಿನ ಧನ ಋಣ ಬದಲಿಸಿದಾಗ ಕಾಣುವ ವ್ಯತ್ಯಾಸಕ್ಕೆ ಇನ್ನೊಂದು ತಿದ್ದುಪಡಿ. ಟ್ರಾಂಬೆಯ ಮಾಪನ ಕೋಬಾಲ್ಟ್-60 ಕಿರಣದಲ್ಲಿ ಆಗಿದ್ದರೆ, ಇಲ್ಲಿನ ಯಂತ್ರದ್ದು 6 ಮೆಗಾವೋಲ್ಟ್ ಆಗಿದ್ದರೆ, ಆ ಗುಣವ್ಯತ್ಯಾಸಕ್ಕೆ ಶೇ 1ರ ಆಸುಪಾಸಿನ ಮತ್ತೊಂದು ತಿದ್ದುಪಡಿ. ಇಷ್ಟೆಲ್ಲ ನಿಷ್ಠೆಯಿಂದ ಮಾಡಿದರೆ ಉಳಿಯುವ ಅನಿಶ್ಚಿತತೆ ಶೇ 1.5ರಷ್ಟು. ಕಣ್ಣಿಗೆ ಕಾಣದ, ಮೈಗೆ ತಾಗದ ವಸ್ತುವೊಂದನ್ನು ಇಷ್ಟು ಬಿಗಿಯಾಗಿ ಹಿಡಿದಿರುವುದು ಮನುಷ್ಯನ ದೊಡ್ಡ ಸಾಧನೆಗಳಲ್ಲಿ ಒಂದು ಎಂದೇ ನನ್ನ ಭಾವನೆ.

ಈ ತಿದ್ದುಪಡಿಗಳಲ್ಲೆಲ್ಲ ಕೊಲ್ಲಾಪುರದಂಥ ಊರಿನಲ್ಲಿ ದೊಡ್ಡದು ಗಾಳಿಯದು. ಕೋಶ ಹೊರಗಿನ ಗಾಳಿಗೆ ತೆರೆದುಕೊಂಡಿರುತ್ತದೆ, ಆದ್ದರಿಂದ ಒಳಗಿನ ಗಾಳಿಯ ತೂಕ ಆ ದಿನದ ಉಷ್ಣತೆ ಮತ್ತು ಒತ್ತಡಗಳನ್ನು ಅನುಸರಿಸುತ್ತದೆ. 95 ಕಿಲೋಪಾಸ್ಕಲ್ ಒತ್ತಡಕ್ಕೆ ಶೇ 6.7, ತೊಟ್ಟಿಯ ನೀರು 25 ಡಿಗ್ರಿ ಇದ್ದರೆ ಇನ್ನೂ ಶೇ 1.7; ಎರಡೂ ಸೇರಿ ಶೇ 8 ದಾಟುತ್ತದೆ. ಮುಂಬೈಯಲ್ಲಿ ಕಡಲ ಮಟ್ಟದಲ್ಲೇ ಕೆಲಸ ಮಾಡುವವರಿಗೆ ಒತ್ತಡದ ತಿದ್ದುಪಡಿ ಶೇ 1ರ ಮಾತು. ಘಟ್ಟ ಹತ್ತಿ ಬಂದರೆ ಅದೇ ಚಿಕಿತ್ಸೆಯ ಹಣೆಬರಹ ಬದಲಿಸುವ ಮಾತು. ಬೆಳಗಾವಿ ಇನ್ನೂ ಎತ್ತರ, ಸುಮಾರು 750 ಮೀಟರ್. ಬೆಂಗಳೂರು 900 ಮೀಟರಿಗಿಂತ ಮೇಲೆ, ಅಲ್ಲಿ ಈ ತಿದ್ದುಪಡಿ ಶೇ 10ನ್ನು ಮುಟ್ಟುತ್ತದೆ. ಹಾಗಾದರೆ ಇಂದಿನ ಒತ್ತಡ ಎಷ್ಟೆಂದು ಮೊಬೈಲಿನಲ್ಲಿ ನೋಡಿದರಾಯಿತಲ್ಲ ಎನಿಸಬಹುದು. ಬಲೆ ಇರುವುದು ಅಲ್ಲೇ. ಹವಾಮಾನ ವರದಿಗಳು ಸಾಮಾನ್ಯವಾಗಿ ಹೇಳುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡವನ್ನು. ಬೇರೆ ಬೇರೆ ಎತ್ತರದ ಊರುಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಲು ಹವಾಮಾನ ತಜ್ಞರಿಗೆ ಹಾಗೆ ಬೇಕು. ಕೊಲ್ಲಾಪುರಕ್ಕೆ 1,008 ಹೆಕ್ಟೊಪಾಸ್ಕಲ್ ಎಂದು ಪರದೆ ತೋರಿಸುವ ದಿನ ಚಿಕಿತ್ಸಾ ಕೋಣೆಯ ಒಳಗಿರುವುದು 950ರ ಸುತ್ತಮುತ್ತ, ಅಂದರೆ ಅದೇ 95 ಕಿಲೋಪಾಸ್ಕಲ್. ವಿಮಾನ ನಿಲ್ದಾಣದವರು ಪೈಲಟ್‌ಗೆ ಹೇಳುವ ಅಂಕಿಯೂ ಸಮುದ್ರಮಟ್ಟಕ್ಕೆ ಇಳಿಸಿದ್ದೇ. ಅಂಥ ಅಂಕಿಯನ್ನು ತಂದು ಸೂತ್ರದಲ್ಲಿ ಹಾಕಿದರೆ ತಿದ್ದುಪಡಿ ಮಾಡಿದೆವೆಂಬ ಸಮಾಧಾನ ಉಳಿಯುತ್ತದೆ, ತಪ್ಪೂ ಉಳಿಯುತ್ತದೆ. ಕೋಣೆಯೊಳಗೇ ಇಟ್ಟ, ಕಾಲಕಾಲಕ್ಕೆ ತಾಳೆ ನೋಡಿದ ವಾಯುಭಾರಮಾಪಕವೊಂದೇ ದಾರಿ. ಇನ್ನೊಂದು ಅಪಾಯವೂ ಇದೆ: ಕೋಶದ ವಿದ್ಯುದಂಶವನ್ನು ಓದುವ ಈಗಿನ ಕೆಲವು ವಿದ್ಯುನ್ಮಾಪಕಗಳು ತಿದ್ದುಪಡಿಯನ್ನು ತಾವೇ ಮಾಡಿಕೊಡುತ್ತವೆ, ಅದನ್ನು ಮರೆತು ಕೈಲೆಕ್ಕದಲ್ಲಿ ಮತ್ತೊಮ್ಮೆ ಸೇರಿಸಿದರೆ ತಪ್ಪು ಎದುರು ದಿಕ್ಕಿಗೆ ಅಷ್ಟೇ ದೂರ ಓಡುತ್ತದೆ.

ಶೇ 7 ಎಂದರೆ ಏನು ಎಂಬುದನ್ನು ಈ ಭಾಗದ ರೋಗವನ್ನೇ ಮುಂದಿಟ್ಟು ನೋಡಬೇಕು. ಗಡಹಿಂಗ್ಲಜಕ್ಕೂ ಕೊಲ್ಲಾಪುರಕ್ಕೂ ನಡುವಿನ ಸೀಮೆಯಲ್ಲಿ ನಿಪ್ಪಾಣಿಯ ತಂಬಾಕಿನ ಹೊಲಗಳೂ ಬೀಡಿ ಕಟ್ಟುವ ಮನೆಗಳೂ ಇವೆ. ಬಾಯಿ ಮತ್ತು ಗಂಟಲ ಕ್ಯಾನ್ಸರ್‌ಗೂ ತಂಬಾಕಿಗೂ ಇರುವ ನಂಟು ಯಾರಿಗೂ ಹೊಸದಲ್ಲ. ಗಂಟಲ ಗಡ್ಡೆಗೆ ಸಾಮಾನ್ಯವಾಗಿ ಕೊಡುವುದು 66ರಿಂದ 70 ಗ್ರೇ, ದಿನಕ್ಕೆ 2 ಗ್ರೇಯಂತೆ ವಾರಕ್ಕೆ ಐದು ದಿನ, ಆರೂವರೆ ಏಳು ವಾರ. ಅದೇ ಕತ್ತಿನ ಹಿಂಬದಿಯಲ್ಲಿ ಬೆನ್ನುಹುರಿ ಇದೆ. ಅದನ್ನು 45ರಿಂದ 50 ಗ್ರೇಯ ಒಳಗೆ ಕಾಯಬೇಕು. ಗಾಳಿಯ ತಿದ್ದುಪಡಿ ಬಿಟ್ಟುಹೋದರೆ ಯಂತ್ರ ಕಡಿಮೆ ಕೊಡುತ್ತಿದೆ ಎಂಬ ಭ್ರಮೆಯಾಗುತ್ತದೆ, ಅದನ್ನು ಏರಿಸಲಾಗುತ್ತದೆ, 66 ಗ್ರೇ ಎಂದು ಬರೆದದ್ದು 70 ದಾಟಿ ಹೋಗುತ್ತದೆ. ಹುರಿಗೆ 47 ಎಂದು ಯೋಜಿಸಿದ್ದರೆ 50ರ ಗೆರೆ ಮೀರುತ್ತದೆ. ಬಾಯೊಳಗಿನ ಹುಣ್ಣು ತೀವ್ರವಾಗಿ, ರೋಗಿ ಅನ್ನ ನುಂಗಲಾರದೆ ನಡುವೆಯೇ ಚಿಕಿತ್ಸೆ ಬಿಡುವುದಕ್ಕೂ ಇಷ್ಟು ಸಾಕು. ಕಡಿಮೆ ಕೊಟ್ಟರೆ ಆಗುವ ಹಾನಿ ಇನ್ನೂ ಮೌನವಾದದ್ದು: ಗಡ್ಡೆ ಮರಳಿ ಬರುತ್ತದೆ, ಎಲ್ಲರೂ ವಿಧಿಯನ್ನು ಹಳಿಯುತ್ತಾರೆ, ಯಂತ್ರದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ವಿಕಿರಣದ ಏಕಮಾನ ಮತ್ತು ಮಾಪನಗಳ ಅಂತರರಾಷ್ಟ್ರೀಯ ಆಯೋಗ 1976ರಲ್ಲೇ ರೋಗಿಗೆ ತಲುಪುವ ಪ್ರಮಾಣ ಶೇ 5ರೊಳಗೆ ನಿಖರವಾಗಿರಬೇಕು ಎಂದಿತ್ತು. ಕೆಲವು ಬಗೆಯ ಗಡ್ಡೆಗಳಲ್ಲಿ ಪ್ರಮಾಣ ಶೇ 5 ಬದಲಾದರೆ ಗುಣವಾಗುವ ಸಾಧ್ಯತೆ ಶೇ 10ರಿಂದ 20ರಷ್ಟು ಬದಲಾಗುತ್ತದೆ ಎಂಬ ಅರಿವು ಆ ಮಿತಿಯ ಹಿಂದಿದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮನುಷ್ಯರ ದೇಹಗಳೇ ಒಂದರಂತೆ ಒಂದಿಲ್ಲ. ಒಬ್ಬರ ಗಡ್ಡೆ 60 ಗ್ರೇಗೆ ಕರಗಿದರೆ ಇನ್ನೊಬ್ಬರದು 70ಕ್ಕೂ ಜಗ್ಗುವುದಿಲ್ಲ. ಗಡ್ಡೆಯ ಗಡಿ ಎಲ್ಲಿ ಮುಗಿಯುತ್ತದೆ ಎಂದು ಗುರುತಿಸುವುದರಲ್ಲಿ ಅನುಭವಿ ವೈದ್ಯರ ನಡುವೆಯೇ ಮಿಲಿಮೀಟರುಗಳ ವ್ಯತ್ಯಾಸವಿರುತ್ತದೆ. ಇಂಥ ಅನಿಶ್ಚಿತತೆಗಳ ನಡುವೆ ಶೇ 1, ಶೇ 2 ಎಂದು ತಲೆಕೆಡಿಸಿಕೊಳ್ಳುವುದು ಯಾವ ನ್ಯಾಯ? ಎರಡು ಬಗೆಯ ತಪ್ಪುಗಳ ನಡುವೆ ಇರುವ ಅಂತರ ಈ ಪ್ರಶ್ನೆಯಲ್ಲಿ ಮರೆಯಾಗಿದೆ. ರೋಗಿಯಿಂದ ರೋಗಿಗೆ ಬದಲಾಗುವ ಏರುಪೇರು ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಎಂದು ಹಂಚಿಕೊಳ್ಳುತ್ತದೆ, ವೈದ್ಯರು ಆಯಾ ರೋಗಿಯನ್ನು ನೋಡುತ್ತ ನೋಡುತ್ತ ಅದಕ್ಕೆ ಸ್ಪಂದಿಸಬಲ್ಲರು. ಅಳತೆಯ ತಪ್ಪು ಹಾಗಲ್ಲ. ಅದು ಎಲ್ಲರನ್ನೂ ಒಂದೇ ದಿಕ್ಕಿಗೆ ತಳ್ಳುತ್ತದೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ. ಅದಕ್ಕಿಂತಲೂ ಮುಖ್ಯವಾದ ಕಾರಣ ಇನ್ನೊಂದಿದೆ. 66 ಗ್ರೇ ಕೊಡಬೇಕು ಎಂಬ ಜ್ಞಾನ ಕೊಲ್ಲಾಪುರದ ವೈದ್ಯರಿಗೆ ಬಂದದ್ದು ಸಾವಿರಾರು ಮೈಲಿ ದೂರದ ಆಸ್ಪತ್ರೆಗಳಲ್ಲಿ, ಬೇರೆ ರೋಗಿಗಳ ಮೇಲೆ ನಡೆದ ಅಧ್ಯಯನಗಳಿಂದ. ಅಲ್ಲಿನ ಗ್ರೇ ಮತ್ತು ಇಲ್ಲಿನ ಗ್ರೇ ಒಂದೇ ಆಗಿದ್ದರೆ ಮಾತ್ರ ಆ ಜ್ಞಾನ ಇಲ್ಲಿನ ರೋಗಿಗೆ ಪ್ರಯೋಜನಕ್ಕೆ ಬರುತ್ತದೆ. ಇಲ್ಲವಾದರೆ ಓದಿದ್ದೆಲ್ಲ ಬೇರೆ ಯಾವುದೋ ಔಷಧದ ಬಗ್ಗೆ ಓದಿದಂತಾಯಿತು.

ಎರಡನೆಯ ಆಕ್ಷೇಪ ಯಂತ್ರವನ್ನು ನಂಬುವವರದು. ಈಗಿನ ಆಕ್ಸಿಲರೇಟರುಗಳ ಒಳಗೇ ಮಾಪಕಗಳಿವೆ, ಪ್ರಮಾಣ ಮುಗಿದೊಡನೆ ಕಿರಣ ತಾನೇ ನಿಲ್ಲುತ್ತದೆ, ತಪ್ಪಾದರೆ ಯಂತ್ರ ಚಾಲೂ ಆಗುವುದೇ ಇಲ್ಲ ಎನ್ನುತ್ತಾರೆ. ಮಾತು ನಿಜ, ಆದರೆ ಅರ್ಧ. ಯಂತ್ರದೊಳಗಿನ ಮಾಪಕ ಎಣಿಸುವುದು ಮಾನಿಟರ್ ಯೂನಿಟ್ ಎಂಬ ತನ್ನದೇ ಎಣಿಕೆಯನ್ನು. ನೂರು ಯೂನಿಟ್ ಎಂದರೆ ಒಂದು ಗ್ರೇ ಎಂದು ಅದಕ್ಕೆ ಹೇಳಿಕೊಡುವವರು ನೀರಿನ ತೊಟ್ಟಿಯ ಪಕ್ಕದಲ್ಲಿ ನಿಂತ ಭೌತವಿಜ್ಞಾನಿಯೇ. ಅವರು ತಪ್ಪು ಹೇಳಿಕೊಟ್ಟರೆ ಯಂತ್ರ ಆ ತಪ್ಪನ್ನು ಅಪ್ಪಟ ನಿಷ್ಠೆಯಿಂದ ಪಾಲಿಸುತ್ತದೆ. ಚರಿತ್ರೆ ಇದಕ್ಕೆ ಸಾಕ್ಷಿ. ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ 1988ರಲ್ಲಿ ಹೊಸ ಕೋಬಾಲ್ಟ್ ಮೂಲದ ಮಾಪನ ತಪ್ಪಿ 207 ರೋಗಿಗಳಿಗೆ ಶೇ 25 ಹೆಚ್ಚು ವಿಕಿರಣ ಹೋಯಿತು. ಅದು ಬಯಲಾದದ್ದು ರಾಷ್ಟ್ರಮಟ್ಟದ ತುಲನಾತ್ಮಕ ಮಾಪನಕ್ಕೆಂದು ಹೊರಗಿನವರು ಬಂದು ಅಳೆದಾಗ. ಅದೇ ದೇಶದ ನಾರ್ತ್ ಸ್ಟಾಫರ್ಡ್‌ಶೈರ್‌ನಲ್ಲಿ 1982ರಿಂದ 1991ರವರೆಗೆ, ಕಂಪ್ಯೂಟರ್ ಆಗಲೇ ಮಾಡಿದ್ದ ದೂರದ ತಿದ್ದುಪಡಿಯನ್ನು ಸಿಬ್ಬಂದಿ ಮತ್ತೊಮ್ಮೆ ಮಾಡುತ್ತ ಹೋದರು. ಸಾವಿರಕ್ಕೂ ಹೆಚ್ಚು ಮಂದಿಗೆ ಶೇ 5ರಿಂದ 30ರಷ್ಟು ಕಡಿಮೆ ಸಿಕ್ಕಿತು. ಒಂಬತ್ತು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಫ್ರಾನ್ಸಿನ ಟುಲೂಸ್‌ನಲ್ಲಿ 2006ರಿಂದ 2007ರವರೆಗೆ ಕೂದಲೆಳೆಯಷ್ಟು ನಿಖರವಾದ ಹೊಸ ಯಂತ್ರವಿತ್ತು, ಆದರೆ ಕೆಲವೇ ಮಿಲಿಮೀಟರ್ ಅಗಲದ ಕಿರಣವನ್ನು ಅಳೆಯಲು ಅದಕ್ಕಿಂತ ದೊಡ್ಡ ಕೋಶವನ್ನು ಬಳಸಲಾಗಿತ್ತು. 145 ರೋಗಿಗಳ ಚಿಕಿತ್ಸೆ ಕೆಟ್ಟಿತು. ಈ ಮೂರು ಕಡೆಯೂ ತಪ್ಪು ಮಾಡಿದವರು ಅಜ್ಞಾನಿಗಳಲ್ಲ, ಬಡ ದೇಶದವರೂ ಅಲ್ಲ. ಯಂತ್ರ ಹೊಸದಾದಷ್ಟೂ ಕಿರಣ ಕಿರಿದಾಗುತ್ತದೆ, ಕಿರಣ ಕಿರಿದಾದಷ್ಟೂ ಅಳತೆ ಕಷ್ಟವಾಗುತ್ತದೆ. ಸಣ್ಣ ಕಿರಣಪುಂಜಗಳಿಗೆಂದೇ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2017ರಲ್ಲಿ ಬೇರೆಯದೇ ವಿಧಾನಸಂಹಿತೆ ಬರೆಯಬೇಕಾಯಿತು.

ಈ ಘಟನೆಗಳಿಂದ ಹೊರಡುವ ತರ್ಕ ಒಂದೇ. ತನ್ನ ವಾಯುಭಾರಮಾಪಕ ತಪ್ಪಿರುವುದು ಅದನ್ನೇ ದಿನವೂ ನೋಡುವವನಿಗೆ ಗೊತ್ತಾಗುವುದಿಲ್ಲ. ಶೇ 3ರವರೆಗಿನ ವ್ಯತ್ಯಾಸವನ್ನು ಒಪ್ಪುವ ಬೆಳಗಿನ ಪರೀಕ್ಷೆ, ಶೇ 2ರವರೆಗೆ ಮಾತ್ರ ಒಪ್ಪುವ ತಿಂಗಳ ಪರೀಕ್ಷೆ, ಇವು ಯಂತ್ರ ನಿನ್ನೆಯಂತೆಯೇ ಇವತ್ತೂ ಇದೆಯೇ ಎಂಬುದನ್ನು ಚೆನ್ನಾಗಿ ಹೇಳುತ್ತವೆ. ನಿನ್ನೆಯೇ ತಪ್ಪಿತ್ತೇ ಎಂಬುದನ್ನು ಹೇಳಲಾರವು. ಅದಕ್ಕೆ ಬೇರೆಯವರ ಕಣ್ಣು ಬೇಕು. 1969ರಿಂದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಜೊತೆಯಾಗಿ ನಡೆಸುತ್ತಿರುವ ಅಂಚೆ ಪರಿಶೀಲನೆ ಈ ಕಣ್ಣಾಗಿದೆ. ವಿಕಿರಣ ಬಿದ್ದ ನೆನಪನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಪುಟ್ಟ ಗುಳಿಗೆ ಅಂಚೆಯಲ್ಲಿ ಬರುತ್ತದೆ. ಆಸ್ಪತ್ರೆ ಅದನ್ನು ನೀರಿನಲ್ಲಿಟ್ಟು ತಾನು 2 ಗ್ರೇ ಎಂದು ನಂಬಿದಷ್ಟನ್ನು ಕೊಟ್ಟು ಹಿಂದಕ್ಕೆ ಕಳಿಸುತ್ತದೆ. ನಿಜಕ್ಕೂ ಎಷ್ಟು ಬಿದ್ದಿದೆ ಎಂದು ಪ್ರಯೋಗಾಲಯ ಓದುತ್ತದೆ. ಶುರುವಿನ ವರ್ಷಗಳಲ್ಲಿ ಶೇ 5ರ ಮಿತಿಯೊಳಗೆ ಬಂದ ಆಸ್ಪತ್ರೆಗಳು ಅರ್ಧದಷ್ಟು ಮಾತ್ರ. ಈಗ ಬಹುತೇಕ ಎಲ್ಲವೂ ಬರುತ್ತವೆ. ಈ ಸುಧಾರಣೆಯಲ್ಲಿ ಹೊರಗಿನ ಪರಿಶೀಲನೆಯ ಪಾಲು ದೊಡ್ಡದು. ನಮ್ಮಲ್ಲಿ ಭಾಭಾ ಕೇಂದ್ರ ಇಂಥದ್ದೇ ಅಂಚೆ ಪರಿಶೀಲನೆ ನಡೆಸುತ್ತದೆ, 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯಿಲ್ಲದೆ ಯಾವ ಯಂತ್ರವೂ ರೋಗಿಯ ಮೇಲೆ ಕೆಲಸ ಮಾಡುವಂತಿಲ್ಲ. ವ್ಯವಸ್ಥೆಯ ಅಡಿಪಾಯ ಗಟ್ಟಿಯಾಗಿದೆ ಎಂಬುದನ್ನು ಮನಸಾರೆ ಒಪ್ಪಬೇಕು.

ಗಡಿಸೀಮೆಗೆ ಹೊರಗಿನವರ ಈ ಪರಿಶೀಲನೆ ಇನ್ನಷ್ಟು ಮುಖ್ಯ. ಗಡಹಿಂಗ್ಲಜದ ಕನ್ನಡ ಮನೆಗೆ ಕೊಲ್ಲಾಪುರವೂ ಬೆಳಗಾವಿಯೂ ಹೆಚ್ಚುಕಡಿಮೆ ಒಂದೇ ದೂರ. ಮಿರಜಿನಲ್ಲಿ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಜನರು ಆರೋಗ್ಯ ಯೋಜನೆಯ ಕಾರ್ಡು, ಬಸ್ಸು, ನೆಂಟರ ಮನೆ ಇವನ್ನು ನೋಡಿ ದಾರಿ ಹಿಡಿಯುತ್ತಾರೆ, ಅರ್ಧದಲ್ಲಿ ದಾರಿ ಬದಲಿಸುವುದೂ ಉಂಟು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ಕರ್ನಾಟಕದ 865 ಗಡಿಹಳ್ಳಿಗಳಿಗೆ ವಿಸ್ತರಿಸಿದಾಗ ಎರಡೂ ರಾಜ್ಯಗಳ ನಡುವೆ ವಾಗ್ವಾದವೇ ನಡೆಯಿತು. ಹಳ್ಳಿ ಯಾರದೆಂಬ ಜಗಳ ಏನೇ ಇರಲಿ, ಗಡಿಯ ಆಚೆ ಈಚೆ ಗ್ರೇ ಒಂದೇ ಆಗಿರಬೇಕು. ಬೆಳಗಾವಿಯಲ್ಲಿ 40 ಗ್ರೇ ಪಡೆದು ಬಂದವನಿಗೆ ಕೊಲ್ಲಾಪುರದಲ್ಲಿ ಉಳಿದ 26 ಕೊಡುವ ವೈದ್ಯ ಆ 40ನ್ನು ಕಣ್ಣುಮುಚ್ಚಿ ನಂಬಬೇಕಾಗುತ್ತದೆ. ಎರಡು ಊರುಗಳ ಎತ್ತರದಲ್ಲೇ ಸುಮಾರು 200 ಮೀಟರ್ ವ್ಯತ್ಯಾಸ, ಅಂದರೆ ಒತ್ತಡದಲ್ಲಿ ಶೇ 2ಕ್ಕೂ ಹೆಚ್ಚು. ಎರಡೂ ಕಡೆ ಅದನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಆ ನಂಬಿಕೆಗೆ ಆಧಾರ.

ಇದಕ್ಕೆಲ್ಲ ಸಮಯ ಮತ್ತು ಜನ ಬೇಕು. ಹೊರಗೆ ರೋಗಿಗಳ ಸಾಲು ನಿಂತಿರುವಾಗ ತೊಟ್ಟಿಗೆ ನೀರು ತುಂಬಿ, ಅದು ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯುವುದು ಆಡಳಿತದವರ ಕಣ್ಣಿಗೆ ವ್ಯರ್ಥ ಗಂಟೆಯಾಗಿ ಕಾಣುವುದು ಸಹಜ. ಇಚಲಕರಂಜಿಯ ಮಗ್ಗದ ಕೆಲಸಗಾರನಿಗೆ ಒಂದು ದಿನದ ಚಿಕಿತ್ಸೆ ಮುಂದೆ ಹೋದರೆ ಒಂದು ದಿನದ ಕೂಲಿಯೂ ಹೋಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಆದರೆ ಏಳು ವಾರ ಕೂಲಿ ಬಿಟ್ಟು ಬಂದವನಿಗೆ ತಪ್ಪು ಪ್ರಮಾಣ ಕೊಟ್ಟು ಕಳಿಸಿದರೆ ಏಳೂ ವಾರ ಕಳೆದುಹೋದಂತೆಯೇ. ಯಂತ್ರ ಕೊಳ್ಳುವ ದಿನವೇ ಎರಡನೆಯ ಕೋಶ, ಎರಡನೆಯ ವಾಯುಭಾರಮಾಪಕ, ಎರಡನೆಯ ಭೌತವಿಜ್ಞಾನಿಯ ಸಂಬಳ ಬಜೆಟ್ಟಿನಲ್ಲಿ ಇರಬೇಕು. ಕೋಟಿಗಳ ಮುಂದೆ ಅದು ದೊಡ್ಡ ಮೊತ್ತವಲ್ಲ. ಜನ ಎಲ್ಲಿಂದ ಎಂದು ಕೇಳುವವರಿಗೆ ಉತ್ತರ ಕೊಲ್ಲಾಪುರದಲ್ಲೇ ಇದೆ: ಡಿ. ವೈ. ಪಾಟೀಲ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಭೌತವಿಜ್ಞಾನದ ವಿಭಾಗವೇ ಇದೆ. ಭೌತವಿಜ್ಞಾನ ಓದಿದರೆ ಮೇಷ್ಟರ ಕೆಲಸ ಬಿಟ್ಟು ಬೇರೇನಿದೆ ಎಂದು ಕೇಳುವ ಗಡಹಿಂಗ್ಲಜ, ಸಂಕೇಶ್ವರ, ಚಿಕ್ಕೋಡಿಯ ತಂದೆತಾಯಿಗಳಿಗೆ ಈ ವೃತ್ತಿಯ ವಿಷಯ ಯಾರಾದರೂ ಹೇಳಬೇಕು.

ಉಳಿದದ್ದು ಒಂದು ಕೊರತೆ. ಹೊರಗಿನ ಪರಿಶೀಲನೆಯ ಫಲ ಕಡತದಲ್ಲಿ ಇರುತ್ತದೆ, ಚಿಕಿತ್ಸೆ ಪಡೆಯುವವನಿಗೆ ಅದರ ಸುಳಿವೂ ಇರುವುದಿಲ್ಲ. ಸಾಮಾನ್ಯರಿಗೆ ಇದು ಅರ್ಥವಾಗದು, ಸುಮ್ಮನೆ ಹೆದರುತ್ತಾರೆ ಎಂಬ ಮಾತು ಕೇಳಿಬರುತ್ತದೆ. ಒಪ್ಪಿಗೆ ಪತ್ರದಲ್ಲಿ ಸಾವಿನ ಸಾಧ್ಯತೆಯವರೆಗೆ ಎಲ್ಲವನ್ನೂ ಓದಿ ಸಹಿ ಹಾಕುವ ರೋಗಿ, ಈ ಯಂತ್ರದ ಅಳತೆಯನ್ನು ಹೊರಗಿನವರು ತಾಳೆ ನೋಡಿದರು, ವ್ಯತ್ಯಾಸ ಶೇ 1 ಬಂತು ಎಂಬ ಸಾಲನ್ನು ಓದಿ ಹೆದರುತ್ತಾನೆಂದು ನಂಬುವುದು ಕಷ್ಟ. ಕೊಲ್ಲಾಪುರ, ಮಿರಜ, ಬೆಳಗಾವಿಯ ವಿಕಿರಣ ಚಿಕಿತ್ಸಾ ಕೇಂದ್ರಗಳು ಕಾಯುವ ಕೋಣೆಯ ಗೋಡೆಯ ಮೇಲೆ ಕೊನೆಯ ಸ್ವತಂತ್ರ ಪರಿಶೀಲನೆಯ ದಿನಾಂಕ ಮತ್ತು ಬಂದ ವ್ಯತ್ಯಾಸವನ್ನು ಮರಾಠಿ, ಕನ್ನಡ ಎರಡರಲ್ಲೂ ಬರೆದು ಹಾಕಲಿ. ಅಲ್ಲಿಯವರೆಗೆ, ಮನೆಯವರನ್ನು ಕರೆದುಕೊಂಡು ಹೋಗುವ ಓದುಗರು ಯಂತ್ರ ಯಾವ ಕಂಪನಿಯದು ಎಂದು ಕೇಳುವ ಜೊತೆಗೆ, ಇದರ ಅಳತೆಯನ್ನು ಹೊರಗಿನವರು ಕೊನೆಯ ಸಲ ಪರಿಶೀಲಿಸಿದ್ದು ಯಾವಾಗ ಎಂದೂ ಕೇಳಿ. ಕೇಳುವ ಹಕ್ಕು ನಿಮಗಿದೆ.